ಅತ್ತೆಯ ಮೂಗಿಗೆ ಇಟ್ಟ ಪರೀಕ್ಷೆ

ಬೀದಿಯವರು ಅವಳನ್ನು ಮೇಣದಕ್ಕ ಎಂದು ಕರೆಯುತ್ತಿದ್ದರು. ಹೆಸರಿಗೆ ತಕ್ಕ ಹಾಗೆ ಅವಳ ಅಡುಗೆಮನೆಯಲ್ಲಿ ಅಡುಗೆಗಿಂತ ಮೇಣವೇ ಹೆಚ್ಚು ಬೇಯುತ್ತಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರು, ನೀರಿನೊಳಗೆ ಮೂತಿಯಿರುವ ಸಣ್ಣ ಪಾತ್ರೆ, ಅದರಲ್ಲಿ ಕರಗುವ ಮೇಣ. ಕಟ್ಟೆಯ ಮೇಲೆ ಸಾಲಾಗಿ ಗಾಜಿನ ಲೋಟಗಳು, ಒಂದೊಂದರ ನಡುವೆಯೂ ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿ ಹಿಡಿದ ಬತ್ತಿ. ಆ ಮನೆಯ ಬಟ್ಟೆಗಳು ಹಗ್ಗದಿಂದ ಹಾರಿ ಎದುರು ಮನೆಯ ಟೈಲರಮ್ಮನ ಅಂಗಳ ಸೇರುತ್ತಿದ್ದುದಕ್ಕೆ ಗಾಳಿಯನ್ನು ದೂರಿ ಫಲವಿಲ್ಲ. ಕ್ಲಿಪ್ಪುಗಳೆಲ್ಲ ನೌಕರಿಗೆ ಹೋಗಿದ್ದವು.

ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಬೇರೆಯವರು ಓಡಿಸುವ ಕಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವುದೇ ಅವನ ಕಸುಬು. ಮನೆಯಲ್ಲೂ ಹೆಂಡತಿಯ ದನಿ ಏರಿದರೆ ಅವನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಇನ್ನು ಅತ್ತೆ. ಅತ್ತೆ ಎಂದರೆ ಮೂಗು. ಸೊಸೆ ಮನೆ ತುಂಬಿದ ಮೊದಲ ವಾರವೇ, ತಳ ಹಿಡಿದ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ ಏನೂ ಆಗದವಳ ಹಾಗೆ ನಿಂತಿದ್ದಾಗ, ಹೊರಗಿನ ಮೆಟ್ಟಿಲ ಮೇಲಿಂದಲೇ "ಹಾಲು ಹತ್ತಿಸಿದೆಯಲ್ಲೇ" ಎಂದಿದ್ದರು. ಮಗ ಗೆಳೆಯರ ಜೊತೆ ಸೇದಿದ ಸಿಗರೇಟು, ಮಳೆಗಾಲದಲ್ಲಿ ಒಣಗದ ಟವೆಲ್ಲು, ಪಕ್ಕದ ಮನೆಗೆ ಬಂದ ಹೊಸ ಸೋಪು, ಯಾವುದೂ ಆ ಮೂಗಿಗೆ ಮುಚ್ಚುಮರೆಯಿರಲಿಲ್ಲ. ಇಷ್ಟು ವರ್ಷ ಆ ಮೂಗಿನ ಕೆಳಗೆ ಬದುಕಿದ ಸೊಸೆ, ಮೇಣದಬತ್ತಿಯ ಕೆಲಸ ಶುರುವಾದಾಗ ಅದನ್ನೇ ಕೆಲಸಕ್ಕೆ ಹಚ್ಚಿದಳು. ಬೆಳಗಿನಿಂದ ಸುಗಂಧದ ಎಣ್ಣೆಗಳ ನಡುವೆ ನಿಂತವಳಿಗೆ ಮಧ್ಯಾಹ್ನದ ಹೊತ್ತಿಗೆ ಗುಲಾಬಿಯೂ ಒಂದೇ, ಗೋಡೆಯೂ ಒಂದೇ. ಹೊರಗಿನಿಂದ ಬಂದ ಮೂಗೊಂದು ಬೇಕೇ ಬೇಕು.

ಹಾಗೆ ಅತ್ತೆಯ ಬೆತ್ತದ ಕುರ್ಚಿ ಕೋಣೆಯಿಂದ ಅಡುಗೆಮನೆಯ ಕಿಟಕಿಯ ಬಳಿಗೆ ಬಂತು. ತೊಡೆಯ ಮೇಲೆ ಕಾಫಿಪುಡಿಯ ಡಬ್ಬಿ. ಒಂದು ಪರಿಮಳ ನೋಡಿ ಇನ್ನೊಂದಕ್ಕೆ ಹೋಗುವ ಮುಂಚೆ ಮೂಗನ್ನು ತೊಳೆಯಲು ಒಂದು ಸಲ ಅದರ ವಾಸನೆ. ಆಮೇಲೆ ಕಣ್ಣು ಮುಚ್ಚಿ ತೀರ್ಪು.

"ಇದು ಮಲ್ಲಿಗೆ ಅಲ್ಲ ಕಣೇ, ಮಲ್ಲಿಗೆ ಮಾರೋಳ ಬುಟ್ಟಿ."

"ಇದು ನಿಂಬೆಹಣ್ಣೋ, ನೆಲ ಒರೆಸೋ ಎಣ್ಣೆಯೋ?"

ಸೊಸೆ ಮೂಗು ಮುರಿದರೂ ಅಳತೆ ಬದಲಿಸುತ್ತಿದ್ದಳು. ಬದಲಿಸಿದ್ದು ಮಾರಾಟವಾಗುತ್ತಿತ್ತು. ಅತ್ತೆ ಬೆಳಗಾದರೆ ತಲೆ ಬಾಚಿಕೊಂಡು, ಆಫೀಸಿಗೆ ಹೊರಟವರ ಗತ್ತಿನಲ್ಲಿ ಕುರ್ಚಿಗೆ ಬಂದು ಕೂರುತ್ತಿದ್ದರು.

ಆ ವರ್ಷ ಅತ್ತೆಗೆ ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಕೆಮ್ಮು ಹೋಯಿತು, ಅವುಗಳ ಜೊತೆಗೆ ಬೈಗುಳವೂ ಹೋಯಿತು. ಮೂಸಿದ್ದೆಲ್ಲ "ಚೆನ್ನಾಗಿದೆ." ಎರಡನೆಯದೂ "ಬಹಳ ಚೆನ್ನಾಗಿದೆ." ಸೊಸೆಗೆ ಮೊದಮೊದಲು ಹಿಗ್ಗು. ಕೊನೆಗೂ ತನ್ನ ಕೈ ಕುದುರಿತು ಅಂದುಕೊಂಡಳು. ಅಷ್ಟರಲ್ಲಿ ಮೂಲೆಯ ಬ್ಯೂಟಿ ಪಾರ್ಲರಿನವಳು ಲ್ಯಾವೆಂಡರ್ ಬತ್ತಿಗಳ ಇಡೀ ಪೆಟ್ಟಿಗೆಯನ್ನು ವಾಪಸು ತಂದು ಜಗುಲಿಯ ಮೇಲೆ ಕುಕ್ಕಿದಳು.

"ಏನಕ್ಕ ಇದು, ಪರಿಮಳಾನೋ ಪ್ರಹಾರಾನೋ? ಮುಖಕ್ಕೆ ಲೇಪ ಹಚ್ಕೊಂಡು ಮಲಗಿದ್ದೋರು ತಲೆನೋವು ಅಂತ ಹಂಗೇ ಎದ್ದು ರೋಡಿಗೆ ಓಡಿದ್ರು. ನೋಡಿದ ಮಕ್ಕಳು ಇನ್ನೂ ಚೇತರಿಸ್ಕೊಂಡಿಲ್ಲ!"

"ನಮ್ಮತ್ತೆ ಪಾಸ್ ಮಾಡಿದ್ದಮ್ಮ," ಎಂದಳು ಮೇಣದಕ್ಕ, ತಗ್ಗಿಸಬೇಕಾದಷ್ಟು ದನಿ ತಗ್ಗಿಸದೆ. "ವಯಸ್ಸಾಯ್ತಲ್ಲ, ಏನ್ ಮಾಡೋಕಾಗುತ್ತೆ?"

ಒಳಗೆ ಕಾಫಿಪುಡಿಯ ಡಬ್ಬಿಯ ಮುಚ್ಚಳ ಒಮ್ಮೆ ಸದ್ದು ಮಾಡಿತು.

ಮರುದಿನ ಅವಳು ಒಂದು ಉಪಾಯ ಹೂಡಿದಳು. ಮೇಣ ಕರಗಿಸಿ ನೇರಳೆ ಬಣ್ಣ ಹಾಕಿದಳು, ಎಣ್ಣೆಯನ್ನು ಒಂದು ತೊಟ್ಟೂ ಹಾಕಲಿಲ್ಲ. ಲೋಟಕ್ಕೆ ಹೊಯ್ದು, ಗಟ್ಟಿಯಾಗಲು ಬಿಟ್ಟು, ಅತ್ತೆಯ ಮುಂದೆ ಹಿಡಿದಳು. ಊಟಕ್ಕೆ ಬಂದಿದ್ದ ಗಂಡನಿಗೆ ಮೊದಲೇ ಕಣ್ಣು ಹೊಡೆದಿದ್ದಳು. ಹಾರಿಬಂದ ಟವೆಲ್ಲು ಕೊಡಲು ಬಂದ ಟೈಲರಮ್ಮನೂ ಬಾಗಿಲಲ್ಲಿ ನಿಂತಿದ್ದಳು.

ಅತ್ತೆ ಕಾಫಿಪುಡಿ ಮೂಸಿದರು. ಲೋಟವನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ತುಸು ಹೊತ್ತು ಹಾಗೇ ಇದ್ದರು.

"ಹಾಂ. ಲ್ಯಾವೆಂಡರ್. ಈ ಸಲ ಹದವಾಗಿ ಬಂದಿದೆ."

ಗಂಡನ ಬಾಯಲ್ಲಿದ್ದ ನೀರು ನಗುವಾಗಿ ಹೊರಗೆ ಬಂತು. ಟೈಲರಮ್ಮ ಟವೆಲ್ಲಿನಿಂದಲೇ ಬಾಯಿ ಮುಚ್ಚಿಕೊಂಡಳು. ಮೇಣದಕ್ಕ ಗೆದ್ದವಳ ದನಿಯಲ್ಲಿ, "ಅತ್ತೇ, ಅದರಲ್ಲಿ ಏನೂ ಇಲ್ಲ, ಬರೀ ಮೇಣ!" ಎಂದಳು.

ಅತ್ತೆ ಲೋಟವನ್ನೊಮ್ಮೆ ನೋಡಿದರು, ಮಗನ ಮುಖವನ್ನೊಮ್ಮೆ.

"ಹಂಗಾ," ಎಂದರು.

ಕಾಫಿಪುಡಿಯ ಡಬ್ಬಿಯನ್ನು ಗೂಡಿನಲ್ಲಿಟ್ಟು, ಆ ಲೋಟವನ್ನು ಹಿಡಿದುಕೊಂಡೇ ಕೋಣೆಗೆ ಹೋದರು. ಸಂಜೆ ನೋಡಿದರೆ ಬೆತ್ತದ ಕುರ್ಚಿಯೂ ಕಿಟಕಿಯ ಬಳಿ ಇರಲಿಲ್ಲ.

ಮಾರನೆಯ ದಿನದಿಂದ ಶಿಕ್ಷೆ ಶುರುವಾಯಿತು. ಅತ್ತೆ ಬೈದಿದ್ದರೆ ಸೊಸೆಗೆ ಅಭ್ಯಾಸವಿತ್ತು. ಅವರು ಮರ್ಯಾದೆ ಕೊಡತೊಡಗಿದರು. "ಸ್ವಲ್ಪ ನೀರು ಕೊಡ್ತೀರಾಮ್ಮ? ಕೆಲಸ ಇದ್ದರೆ ಆಮೇಲಾದ್ರೂ ಪರವಾಗಿಲ್ಲ." ಇಷ್ಟು ವರ್ಷ "ಏನೇ", "ಬಾರೇ", "ಕಣೇ" ಎಂದು ಕರೆಸಿಕೊಂಡು ಒಳಗೊಳಗೇ ಕುದಿದವಳಿಗೆ ಈ ಬಹುವಚನ ಬಿಸಿ ಮೇಣ ಬಿದ್ದ ಹಾಗೆ ಬಿತ್ತು, ಬಿದ್ದಾಗ ಉರಿ, ಆಮೇಲೆ ಕೀಳಲು ಹೋದರೆ ಚರ್ಮವೂ ಜೊತೆಗೆ.

"ನೀವೂ ನಕ್ಕಿರಲ್ಲ, ನೀವೇ ಹೋಗಿ ಮಾತಾಡ್ರೀ," ಎಂದು ಗಂಡನನ್ನು ದೂಡಿದಳು.

"ಸ್ಟೀರಿಂಗ್ ಹಿಡಿದಿದ್ದು ನೀನು. ನಾನು ಪಕ್ಕದ ಸೀಟು," ಎಂದ ಅವನು, ಕಾಲು ಒತ್ತುತ್ತಾ.

ಗುಲಾಬಿಯ ಬತ್ತಿಯೊಂದನ್ನು ಚೆಂದದ ಲೋಟದಲ್ಲಿ ಮಾಡಿ ಅತ್ತೆಗೆ ಕೊಟ್ಟಳು. ಅತ್ತೆ ಅದನ್ನು ತೋಳಿನುದ್ದ ದೂರದಲ್ಲಿ ಹಿಡಿದು, "ಬಣ್ಣ ಚೆನ್ನಾಗಿದೆ," ಎಂದು ಹಿಂದಕ್ಕೆ ಕೊಟ್ಟರು.

ಅದಕ್ಕಿಂತ ದೊಡ್ಡ ಪೆಟ್ಟು ಎಣ್ಣೆಯ ಬಾಟಲಿಯಿಂದ ಬಂತು. ಪಾರ್ಲರಿಗೆ ಹೊಸ ಪೆಟ್ಟಿಗೆ ಮಾಡಿಕೊಡಲು ಲ್ಯಾವೆಂಡರ್ ಎಣ್ಣೆಯ ಬಾಟಲಿ ಬಗ್ಗಿಸಿದಳು. ಬಗ್ಗಿಸಿದ್ದೊಂದೇ ಬಂತು, ಎಣ್ಣೆ ಬರಲಿಲ್ಲ. ಇನ್ನೊಂದು ಸಲಕ್ಕೆ ಆಗುವಷ್ಟು ಇರಲೇಬೇಕಿತ್ತು. ಕೈ ಹಾಗೇ ನಿಂತಿತು. ಪಾರ್ಲರಿನ ಮೊದಲ ಪೆಟ್ಟಿಗೆ ಮಾಡಿದ ದಿನ ಅಳತೆಯ ಎಣ್ಣೆ ಹೊಯ್ದದ್ದು ನೆನಪಾಯಿತು. ಟೈಲರಮ್ಮ ಗೇಟಿನಿಂದ "ಅಕ್ಕಾ, ನಿಮ್ಮ ದಿಂಬಿನ ಚೀಲ" ಎಂದು ಕೂಗಿದ್ದು, ತಾನು ಓಡಿದ್ದು, ಇಬ್ಬರೂ ಊರ ಪುರಾಣ ಹೇಳಿಕೊಂಡದ್ದು. ವಾಪಸು ಬಂದು ಪಾತ್ರೆ ಮೂಸಿದರೆ ಯಾವ ವಾಸನೆಯೂ ಬಂದಿರಲಿಲ್ಲ. ಎಣ್ಣೆ ಹಾಕುವುದು ಮರೆತೆ ಎಂದುಕೊಂಡು ಇನ್ನೊಮ್ಮೆ ಅಷ್ಟೇ ಹೊಯ್ದಿದ್ದಳು. ಪಾರ್ಲರಿಗೆ ಬಂದವರನ್ನು ಬೀದಿಗೆ ಓಡಿಸಿದ್ದು ಅತ್ತೆಯ ಮೂಗಲ್ಲ, ಸೊಸೆಯದು. ಅತ್ತೆಯದು ಜ್ವರಕ್ಕೆ ಸತ್ತ ಮೂಗಾದರೆ, ಇವಳದು ಬದುಕಿದ್ದೂ ನಿದ್ದೆ ಹೋದದ್ದು.

ತಪ್ಪು ಯಾರದೆಂದು ತಿಳಿದ ಮೇಲೆ ಇನ್ನೊಂದೂ ತಿಳಿಯಿತು. ಅದನ್ನು ಅವಳು ಪರೀಕ್ಷೆ ಎಂದುಕೊಂಡಿದ್ದಳು. ಪರೀಕ್ಷೆಗೆ ಟೈಲರಮ್ಮ ಯಾಕೆ ಬೇಕಿತ್ತು? ಅದು ತಳ ಹಿಡಿದ ಹಾಲಿನ ಸೇಡು. ಹಾಲು ಹತ್ತಿ ಎಷ್ಟೋ ವರ್ಷವಾಗಿತ್ತು, ಪಾತ್ರೆಯೂ ಗುಜರಿಗೆ ಹೋಗಿತ್ತು, ಇವಳ ಮನಸ್ಸಿನ ತಳದಲ್ಲಿ ಮಾತ್ರ ಇನ್ನೂ ಅಂಟಿಕೊಂಡಿತ್ತು.

ಒಪ್ಪಿಕೊಳ್ಳಬೇಕೆಂದು ಅತ್ತೆಯ ಕೋಣೆಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಮಂಚದ ಮೇಲೆ ಕೂತು, ಈಗಷ್ಟೇ ಒಗೆದು ಮಡಿಸಿಟ್ಟ ಬಟ್ಟೆಯನ್ನು ಮೂಗಿಗೆ ಒತ್ತಿ ಮೂಸುತ್ತಿದ್ದರು. ತಿರುಗಿಸಿ ಮತ್ತೆ ಮೂಸಿದರು. ಏನೂ ತಿಳಿಯದೆ ಅದನ್ನು ಮತ್ತೆ ಒಗೆಯುವ ಬುಟ್ಟಿಗೆ ಹಾಕಿದರು. ಬುಟ್ಟಿಯಲ್ಲಿ ಒಗೆದ ಬಟ್ಟೆಗಳೇ ತುಂಬಿದ್ದವು. ಆಮೇಲೆ ಪೌಡರಿನ ಡಬ್ಬಿ ಎತ್ತಿಕೊಂಡು ಕುತ್ತಿಗೆಗೆ, ಮೊಣಕೈಗೆ, ಬೆನ್ನು ಎಟುಕುವಷ್ಟಕ್ಕೆ ಸುಣ್ಣ ಬಳಿದ ಹಾಗೆ ಬಳಿದುಕೊಂಡರು.

ಜ್ವರದ ನಂತರ ಅತ್ತೆ ದಿನಕ್ಕೆ ಎರಡು ಸಲ ಸ್ನಾನ ಮಾಡುವುದನ್ನು ಸೊಸೆ ನೋಡಿದ್ದಳು. ಗ್ಯಾಸ್ ಒಲೆಯ ತಿರುಪುಗಳನ್ನು ಮತ್ತೆ ಮತ್ತೆ ಬೆರಳಿನಿಂದ ಮುಟ್ಟಿ ನೋಡುವುದನ್ನೂ ನೋಡಿದ್ದಳು. ವಯಸ್ಸಿನ ಶುಚಿ, ವಯಸ್ಸಿನ ಅನುಮಾನ ಎಂದು ನಕ್ಕಿದ್ದಳು.

"ಅತ್ತೆ," ಎಂದಳು. "ಪಾರ್ಲರಿಂದು ನನ್ನ ತಪ್ಪು. ಎಣ್ಣೆ ಎರಡು ಸಲ ಹಾಕ್ಬಿಟ್ಟೆ. ನಂಗೂ ವಾಸನೆ ಗೊತ್ತಾಗಿರಲಿಲ್ಲ. ನಿಮ್ಮ ಮೇಲೆ ಹಾಕ್ದೆ. ಆಮೇಲೆ ಎಲ್ಲರ ಮುಂದೆ..."

ಅತ್ತೆ ಪೌಡರಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರು. ಕೊನೆಗೆ ಅದನ್ನು ಬಿಗಿದು ತಲೆ ಎತ್ತಿದರು.

"ಎಣ್ಣೆ ಕೈಯಲ್ಲಿ ಇಟ್ಕೊಂಡು ಗೇಟಿಗೆ ಓಡಬೇಡ ಅಂತ ಎಷ್ಟು ಸಲ ಹೇಳಿದೀನಿ ಕಣೇ ನಿಂಗೆ?"

ಆ 'ಕಣೇ' ಕೇಳಿ ಮೇಣದಕ್ಕನ ಕಣ್ಣಲ್ಲಿ ನೀರು ಬಂತು. ಬೈಸಿಕೊಂಡು ಇಷ್ಟು ಹಗುರಾದದ್ದು ಅವಳ ಬಾಳಿನಲ್ಲೇ ಇರಲಿಲ್ಲ.

"ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ ಅತ್ತೆ? ಮೂಗು ಹೋಗಿದೆ ಅಂತ?"

"ಹೇಳಿದ್ರೆ ಕುರ್ಚಿ ಕೋಣೆಗೆ ಬರ್ತಿತ್ತು. ಹೇಳದೇನೂ ಬಂತು, ಅದು ಬೇರೆ ಮಾತು." ಗೋಡೆಯ ಕಡೆ ನೋಡುತ್ತಾ ಕೇಳಿದರು. "ಒಂದು ಕೇಳ್ತೀನಿ, ನಿಜ ಹೇಳು. ನಂಗೆ... ಮೈ ವಾಸನೆ ಬರುತ್ತಾ?"

ಸೊಸೆ ಬಗ್ಗಿ ಅತ್ತೆಯ ಕುತ್ತಿಗೆಯ ಹತ್ತಿರ ಮೂಗು ತಂದಳು. ಇಷ್ಟು ವರ್ಷದಲ್ಲಿ ಅಷ್ಟು ಹತ್ತಿರ ಹೋಗಿದ್ದೇ ಇಲ್ಲ. ಕಣ್ಣು ಮುಚ್ಚಿದಳು.

"ಇದು ಅತ್ತೆ ಅಲ್ಲ, ಪೌಡರಿನ ಕಾರ್ಖಾನೆ. ಅರ್ಧ ಹಾಕ್ಕೊಳ್ಳಿ ಸಾಕು."

ಅತ್ತೆ ಜ್ವರ ಬಿಟ್ಟ ಮೇಲೆ ಮೊದಲ ಸಲ ನಕ್ಕರು. ಕಿಟಕಿಯ ಮೇಲೆ ಆ ನೇರಳೆ ಬತ್ತಿ ಅರ್ಧ ಉರಿದು ನಿಂತಿತ್ತು. ಸೊಸೆ ಅದನ್ನು ನೋಡಿ ತಲೆ ತಗ್ಗಿಸಿದಳು.

"ಅದನ್ನ ನಾನೇ ಹಚ್ಚಿದ್ದು," ಎಂದರು ಅತ್ತೆ. "ನೀನು ಮಾಡಿರೋದ್ರಲ್ಲಿ ಅದೊಂದೇ ನೋಡು, ಅದರ ವಾಸನೆ ಎಲ್ಲರಿಗೂ ಎಷ್ಟೋ ನಂಗೂ ಅಷ್ಟೇ."

ಕುರ್ಚಿ ಕಿಟಕಿಯ ಬಳಿಗೆ ವಾಪಸು ಬಂತು. ಅತ್ತೆ ಈಗ ಬತ್ತಿ ನೆಟ್ಟಗಿದೆಯೋ, ಸೊಸೆ ಗೇಟಿಗೆ ಓಡಿದಳೋ ನೋಡುತ್ತಾರೆ. ಪರಿಮಳದ ತೀರ್ಪು ಕೊಡುವುದು ಟೈಲರಮ್ಮನ ಮೂಗು. ನಕ್ಕ ತಪ್ಪಿಗೆ ಅವಳಿಗೆ ಸಂಬಳವಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಅತ್ತೆ ಸೊಸೆಯ ಮುಂದೆ ಬಂದು ಕುತ್ತಿಗೆ ಚಾಚಿ ನಿಲ್ಲುತ್ತಾರೆ, ಸೊಸೆ ಮೂಸಿ ಹೇಳುತ್ತಾಳೆ. ಮೊದಲ ಸಲ ಇದನ್ನು ಕಂಡ ಗಂಡ ಬಾಗಿಲಲ್ಲೇ ಬ್ರೇಕು ಹಾಕಿದ.

ಮೊನ್ನೆ ಮೇಣದಕ್ಕನಿಗೆ ಭಾರಿ ನೆಗಡಿ. ಮೂಗು ಕಟ್ಟಿ ಉಸಿರಿಗೂ ದಾರಿಯಿರಲಿಲ್ಲ. ಅತ್ತೆ ಎಂದಿನಂತೆ ಬಂದು ನಿಂತರು. ಗೊತ್ತಾಗುತ್ತಿಲ್ಲ ಎಂದರೆ ಅವರು ದಿನವಿಡೀ ಬಟ್ಟೆ ಮೂಸುತ್ತಾ ಕೂರುತ್ತಾರೆ. ಅವಳು ಬಗ್ಗಿದಳು, ಕಣ್ಣು ಮುಚ್ಚಿದಳು, ತುಸು ಹೊತ್ತು ಹಾಗೇ ಇದ್ದಳು.

"ಸರಿಯಾಗಿದೆ ಅತ್ತೆ."

ಅತ್ತೆ ಅವಳ ಕೆಂಪಾಗಿ ಊದಿದ ಮೂಗನ್ನು ನಿಧಾನವಾಗಿ ನೋಡಿದರು.

"ಹಾಂ," ಎಂದರು. "ಈ ಸಲ ಹದವಾಗಿ ಬಂದಿದೆ, ಅಲ್ವೇನೇ?"