ಮೂರು ದಿನ ತಲೆಗೆ ಎರಕೊಳ್ಳಬೇಡಿ

ಚಳ್ಳಕೆರೆಯಲ್ಲಿ ಎಣ್ಣೆ ಮಾರಲು ಹೊರಡುವುದೆಂದರೆ ಅಡುಗೆ ಭಟ್ಟರ ಮನೆಗೆ ಬುತ್ತಿ ಕಟ್ಟಿಕೊಂಡು ಹೋದಂತೆ. ಊರಿನ ತುಂಬ ಶೇಂಗಾ ಎಣ್ಣೆಯ ಮಿಲ್ಲುಗಳು. ಕಣ್ಣು ಮುಚ್ಚಿಕೊಂಡು ಬಸ್ಸಿನಲ್ಲಿ ಕೂತಿದ್ದರೂ ಹಿಂಡಿಯ ವಾಸನೆ ಬಂತೆಂದರೆ ಊರು ಬಂತೆಂದು ತಿಳಿಯುತ್ತಿತ್ತು. ಇಂಥ ಊರಿನಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ, ತಲೆಗೆ ಹಚ್ಚುವ ಎಣ್ಣೆ ಮಾಡಿ ಮಾರುತ್ತೇನೆಂದು ನಾನು ಟೊಂಕ ಕಟ್ಟಿ ನಿಂತೆ. ಯಾರೂ ಕೇಳಿರಲಿಲ್ಲ. ನನಗೇ ಹೊಳೆದದ್ದು. ನನಗೆ ಹೊಳೆದದ್ದನ್ನು ಬಿಡಿಸುವ ಶಕ್ತಿ ಆಗಲೂ ಯಾರಿಗೂ ಇರಲಿಲ್ಲ, ಈಗಲೂ ಇಲ್ಲ.

ನನ್ನ ಗಂಡ ಒಂದು ಎಣ್ಣೆ ಮಿಲ್ಲಿನಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದರು. ಕೊಬ್ಬರಿ ಎಣ್ಣೆ ತಂದುಕೊಡಿ ಎಂದು ಕೇಳಿದ್ದಕ್ಕೆ, "ಶೇಂಗಾ ಎಣ್ಣೆ ಊರಾಗೆ ಇದ್ಕಂಡು ಕೊಬ್ಬರಿ ಎಣ್ಣೆ ಕೊಳ್ತೀಯಾ? ಯಾರಾದ್ರೂ ಕೇಳಿದ್ರೆ ನಗ್ತಾರೆ" ಎಂದು ಒಂದು ಡಬ್ಬಿ ಶೇಂಗಾ ಎಣ್ಣೆಯನ್ನೇ ತಂದಿಟ್ಟರು. ಅದಕ್ಕೆ ಗರಗದ ಸೊಪ್ಪು, ಕರಿಬೇವು, ದಾಸವಾಳದ ಎಲೆ, ಮೆಂತ್ಯ, ಒಂದು ಹಿಡಿ ಬೇವು ಹಾಕಿ ಹಿತ್ತಿಲಲ್ಲಿ ಕುದಿಸಿದೆ. ಕಡುಹಸಿರು ಬಣ್ಣ ಬಂತು. ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಪೇಟೆಯ ಅಂಗಡಿಗೆ ಒಯ್ದೆ.

ಅಂಗಡಿಯ ಸಾಹೇಬರು ವಯಸ್ಸಾದವರು, ನಲವತ್ತು ವರ್ಷದಿಂದ ಎಣ್ಣೆ ವ್ಯಾಪಾರ ಮಾಡಿದವರು. ನಮ್ಮೂರಿನಲ್ಲಿ ಎಣ್ಣೆ ಕೊಳ್ಳುವುದಕ್ಕೆ ಒಂದು ಪದ್ಧತಿ ಇದೆ: ಬೆರಳದ್ದು, ನೆಕ್ಕು, ಆಮೇಲೆ ಮಾತಾಡು. ಸಾಹೇಬರು ಬಾಟಲಿಯ ಮುಚ್ಚಳ ತೆಗೆದರು, ಬೆರಳದ್ದಿದರು, ನಾನು "ಭಾಯಿ, ಅದು..." ಎನ್ನುವುದರೊಳಗೆ ನಾಲಿಗೆಗೆ ಇಟ್ಟುಕೊಂಡರು. ಮುಖ ಕಿವುಚಿಕೊಂಡು ನಲ್ಲಿಯ ಕಡೆ ಓಡಿದರು. ಮೂರು ಸಲ ಬಾಯಿ ಮುಕ್ಕಳಿಸಿ ಬಂದು, "ಅರೆ ಅಮ್ಮಾ, ಪೂರಾ ಖರಾಬ್ ಆಗೈತೆ ಇದು" ಎಂದರು.

"ತಲೆಗೆ ಹಚ್ಚೋದು ಭಾಯಿ. ಬಾಟ್ಲಿ ಮೇಲೆ ಬರ್ದಿದೀನಲ್ಲ."

"ಚಳ್ಳಕೆರೆಯಾಗೆ ಎಣ್ಣೆ ಬಾಟ್ಲಿ ಮೇಲೆ ಯಾರಮ್ಮ ಓದ್ತಾರೆ? ನಾಲ್ಗೆ ಐತಲ್ಲ!"

ಆ ಮಳೆಗಾಲದ ತುಂಬ ಇದೇ ಕಥೆ. ಕೊಂಡವರು ಮೂವರು. ಅವರಲ್ಲಿ ಒಬ್ಬಾಕೆ ಮೆಣಸಿನಕಾಯಿ ಬಜ್ಜಿ ಕರಿದು, ಮನೆಯವರೆಲ್ಲ ಉಪವಾಸ ಬಿದ್ದರೆಂದು ಜಗಳಕ್ಕೆ ಬಂದಳು. ಊರಿಗೆ ನನ್ನ ಬುದ್ಧಿ ಅರ್ಥವಾಗುವುದಿಲ್ಲ ಎಂದುಕೊಂಡೆ. ಹಾಗಾದರೆ ಎಣ್ಣೆ ಇಲ್ಲದ ಊರಿಗೆ ಹೋಗಬೇಕು. ಮೊಳಕಾಲ್ಮೂರು! ರೇಷ್ಮೆ ಸೀರೆ ನೇಯುವ ಊರು. ಅಷ್ಟು ಚೆಂದದ ಸೀರೆ ನೇಯುವ ಹೆಂಗಸರಿಗೆ ಚೆಂದದ ಕೂದಲು ಬೇಡವೇ?

ಆದರೆ ನನ್ನ ಜಡೆ ಇಲಿಬಾಲದಂತಿತ್ತು. ಅದನ್ನು ತೋರಿಸಿ ಕೂದಲೆಣ್ಣೆ ಮಾರಿದರೆ ಯಾರು ಕೊಂಡಾರು? ಅದಕ್ಕೇ ಅತ್ತೆಯನ್ನು ಹೊರಡಿಸಿದೆ. ಅರವತ್ತು ದಾಟಿದ್ದರೂ ಅವರ ಕೂದಲು ಬಿಚ್ಚಿದರೆ ಮೊಣಕಾಲಿಗೆ ಬರುತ್ತಿತ್ತು. ಆಂಧ್ರದ ಗಡಿಯ ಹಳ್ಳಿಯವರಾದ್ದರಿಂದ ತೆಲುಗು ಚೆನ್ನಾಗಿ ಬರುತ್ತಿತ್ತು, ಮೊಳಕಾಲ್ಮೂರಿನಲ್ಲೂ ತೆಲುಗು ನಡೆಯುತ್ತಿತ್ತು. ನನಗೆ ತೆಲುಗಿನ ಒಂದಕ್ಷರವೂ ಬಾರದು. ಬಸ್ಸಿನಲ್ಲಿ ಬಾಟಲಿಗಳ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಏನು ಹೇಳಿ ಮಾರಬೇಕೆಂದು ಯೋಚಿಸುತ್ತ ಹೋದೆ. ಎಣ್ಣೆ ಹಚ್ಚಿ ಎಷ್ಟು ದಿನ ಬಿಡಬೇಕು? ಒಂದು ದಿನ ಎಂದರೆ ಬೆಲೆ ಇರುವುದಿಲ್ಲ. ವಾರ ಎಂದರೆ ಹೆದರುತ್ತಾರೆ. ಬಸ್ಸು ಊರು ಮುಟ್ಟುವುದರೊಳಗೆ ಮೂರು ದಿನ ಎಂದು ತೀರ್ಮಾನಿಸಿದೆ. ಆ ಮೂರು ದಿನಕ್ಕೆ ಇದಕ್ಕಿಂತ ಹೆಚ್ಚಿನ ಆಧಾರ ಇರಲಿಲ್ಲ.

ನೇಕಾರರ ಓಣಿಯ ಒಂದು ಜಗಲಿಯಲ್ಲಿ ಇಪ್ಪತ್ತು ಹೆಂಗಸರು ಸೇರಿದರು. ಅತ್ತೆ ಗಂಟು ಬಿಚ್ಚಿದರು. "ಚೌರಿ ಇರ್ಬೇಕು" ಎಂದಳೊಬ್ಬಳು. ಅತ್ತೆ ತಿರುಗಿ ಕೂತು, "ಎಳ್ದು ನೋಡವ್ವ" ಎಂದರು. ಆಕೆ ಎಳೆದೇ ನೋಡಿದಳು. ಅತ್ತೆಯ ಜೊತೆ ಗುಂಪೆಲ್ಲ ಅಯ್ಯೋ ಎಂದಿತು.

"ಯಾವ ಎಣ್ಣೆ ಹಚ್ತೀರಿ ಅವ್ವಾರೇ?"

"ಯಾವ ಎಣ್ಣೆ? ಒಗ್ಗರಣೆ ಹಾಕಿ ಕೈಗೆ ಅಂಟಿದ್ದನ್ನ ತಲೆಗೆ ಒರೆಸ್ಕಂತೀನಿ. ಆದ್ರೆ ಎಣ್ಣೆ ಅಲ್ಲವ್ವ ಮುಖ್ಯ, ಅವತ್ತೇ ತೊಳಕಂಡ್..."

ನಾನು ಸೆರಗಿನ ಮರೆಯಲ್ಲಿ ಅವರ ಕಾಲು ತುಳಿದೆ. ಅತ್ತೆ ಬಾಯಿ ಮುಚ್ಚಿದರು. ನಾನು ಎದ್ದು ನಿಂತು ಭಾಷಣ ಮಾಡಿದೆ. "ಹಚ್ಚಿ ಮೂರು ದಿನ ತಲೆಗೆ ಎರ್ಕಬೇಡಿ. ಎಣ್ಣೇನ ಬೇರು ಕುಡೀಬೇಕು."

ಒಬ್ಬಾಕೆ, ದಾವಣಗೆರೆ ಕಡೆಯಿಂದ ಮದುವೆಯಾಗಿ ಬಂದವಳು, ಅನುಮಾನಿಸಿದಳು. "ಮಗ್ಗದ ಮೇಲೆ ಕೂರೋರು ಕಣಮ್ಮ ನಾವು. ಅಮಾಸೆಗೆ ಮಗ್ಗಕ್ಕೆ ರಜೆ. ಅವತ್ತೇ ಎಣ್ಣೆ, ಅವತ್ತೇ ಸ್ನಾನ."

"ಅದಕ್ಕೇ ನೋಡಿ ನಿಮ್ಮ ಕೂದ್ಲು ಉದುರೋದು!" ಎಂದೆ. ಎಂಥ ಮಾತುಗಾರಿಕೆ! ನನಗೇ ಹೆಮ್ಮೆಯಾಯಿತು.

ಅಷ್ಟರಲ್ಲಿ ಅತ್ತೆ ತೆಲುಗಿನಲ್ಲಿ ಏನೋ ಹೇಳಿದರು. ಹೆಂಗಸರೆಲ್ಲ ನನ್ನ ಮುಖ ನೋಡಿ ನಕ್ಕು ತಲೆಯಾಡಿಸಿದರು. ದಾವಣಗೆರೆ ಕಡೆಯಾಕೆಯೂ ಎಲ್ಲರ ಜೊತೆ ನಕ್ಕಳು. ಅತ್ತೆ ನನ್ನ ಎಣ್ಣೆಯನ್ನು ಹೊಗಳುತ್ತಿದ್ದಾರೆಂದು ನನ್ನ ಕಣ್ಣಿನಲ್ಲಿ ನೀರೇ ಬಂತು. ಬಾಟಲಿಗಳೆಲ್ಲ ಖಾಲಿಯಾದವು. ವಾಪಸು ಬರುವಾಗ ಅತ್ತೆಗೆ ಸೋಡಾ ಕುಡಿಸಿದೆ.

ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ ಆ ದಾರಿಯ ಬಸ್ಸಿನ ಕಂಡಕ್ಟರ್ ಮನೆ ಹುಡುಕಿಕೊಂಡು ಬಂದ. "ಎಣ್ಣೆ ಅಮ್ಮಾರು ನೀವೇನಾ? ಮೊಳಕಾಲ್ಮೂರಿನಾಗೆ ಸೀರೆಗೆ ಕಲೆ ಬಿದ್ದೈತಂತೆ, ಬರ್ಬೇಕಂತೆ."

ಆಗ ನನಗೆ ಮಗ್ಗ ಕಣ್ಣ ಮುಂದೆ ಬಂತು. ಗುಣಿಯಲ್ಲಿ ಕಾಲಿಟ್ಟು, ಬಾಗಿ ಕೂತು, ಸೆಕೆಯಲ್ಲಿ ಬೆವರುತ್ತ ನೇಯುವ ಹೆಂಗಸು. ತಲೆಯ ಕೆಳಗೇ ರೇಷ್ಮೆ. ತಲೆಯಲ್ಲಿ ಮೂರು ದಿನದ ಎಣ್ಣೆ. ಇಪ್ಪತ್ತು ಮನೆ, ಇಪ್ಪತ್ತು ಸೀರೆ! ಅತ್ತೆಯನ್ನು ಎಳೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಕರೆಸಿದ್ದವಳು ಆ ದಾವಣಗೆರೆ ಕಡೆಯಾಕೆ. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು. ಸೀರೆಯನ್ನು ಮಗ್ಗದಿಂದ ಇಳಿಸಿ ಚಾಪೆಯ ಮೇಲೆ ಹಾಸಿದ್ದಳು. ನೆರಿಗೆ ಬರುವ ಜಾಗದಲ್ಲಿ ಮೂರು ಹಸಿರು ಚುಕ್ಕೆ. ಇದು ಮಾರುವ ಸೀರೆಯಾಗಿರಲಿಲ್ಲ. ಹದಿನೆಂಟು ವರ್ಷ ಊರವರ ಮದುವೆಗೆಲ್ಲ ನೇಯ್ದವಳು, ಮೊದಲ ಸಲ ತನ್ನ ಮಗಳ ಧಾರೆಗೆಂದು ನೇಯ್ದದ್ದು. ಮದುವೆಗೆ ಒಂಬತ್ತು ದಿನ ಇತ್ತು. ಇನ್ನೊಂದು ಸೀರೆ ನೇಯಲು ಹೊತ್ತಿರಲಿಲ್ಲ.

ಅವಳು ಬೈಯಲಿಲ್ಲ. "ನೀವು ಮೂರು ದಿನ ಅಂದ್ರಿ. ನಾನು ಮೂರು ದಿನ ಬಿಟ್ಟೆ" ಎಂದಳು ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಉಳಿದ ಮನೆಗಳ ಗತಿ ಏನೆಂದು ಓಣಿಗೆ ಓಡಿದೆ.

ಮೊದಲ ಮನೆಯಲ್ಲಿ ಏನೂ ಆಗಿರಲಿಲ್ಲ. ಎರಡನೆಯದರಲ್ಲೂ ಇಲ್ಲ. ಐದನೆಯ ಮನೆಯಲ್ಲಿ ಉಸಿರು ತೆಗೆದುಕೊಂಡು, "ನೀವು ಮೂರು ದಿನ ಬಿಡಲಿಲ್ವಾ?" ಎಂದು ಕೇಳಿದೆ.

"ಇಲ್ಲಮ್ಮ, ನಿಮ್ಮತ್ತೆ ತೆಲುಗಿನಾಗೆ ಹೇಳಿದ್ರಲ್ಲ. ನಮ್ಮ ಸೊಸೆಗೆ ಮಗ್ಗ ಅಂದ್ರೆ ಗೊತ್ತಿಲ್ಲ, ಬಾಯಿ ಜಾಸ್ತಿ, ಬೇಜಾರ್ ಮಾಡ್ಕಬೇಡಿ, ಒಂದು ಬಾಟ್ಲಿ ತಗಳ್ಳಿ, ಹಚ್ಚಿದ ದಿನಾನೇ ತೊಳ್ಕಳ್ಳಿ ಅಂತ."

ಇಪ್ಪತ್ತು ಬಾಟಲಿ ಮಾರಿದ್ದು ನನ್ನ ಭಾಷಣವಲ್ಲ, ಅತ್ತೆಯ ಕರುಣೆ! ಓಣಿಯಲ್ಲಿ ಇಷ್ಟು ವರ್ಷವಾದರೂ ತೆಲುಗು ಬಾರದವಳು ಆ ದಾವಣಗೆರೆ ಕಡೆಯಾಕೆ ಒಬ್ಬಳೇ. ನನ್ನ ಮಾತನ್ನು ನಂಬಿದವಳೂ ಅವಳೊಬ್ಬಳೇ.

ಸಿಟ್ಟು ನೆತ್ತಿಗೇರಿತು. ಆಕೆಯ ಮನೆಗೆ ವಾಪಸು ಬಂದು, "ನಂಗೆ ಕನ್ನಡದಾಗೆ ಹೇಳಬಾರದಿತ್ತಾ ಅತ್ತೆ?" ಎಂದೆ.

"ಹೇಳಾಕೇ ಬಾಯಿ ತೆಗೆದೆ. ನೀನು ಕಾಲು ತುಳಿದೆ" ಎಂದರು. ಅತ್ತೆ ಆಗಲೇ ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ಕೂತಿದ್ದರು.

ದೇವರ ಗೂಡಿನಿಂದ ವಿಭೂತಿ ಗಟ್ಟಿ ತರಿಸಿ, ಪುಡಿ ಮಾಡಿ, ಮೂರು ಚುಕ್ಕೆಗಳ ಮೇಲೂ ಉದುರಿಸಿದರು. ವಿಭೂತಿ ಎಣ್ಣೆ ಎಳೆದು ಹಸಿರಾಯಿತು. ಜಾಡಿಸಿ ಮತ್ತೆ ಉದುರಿಸಿದರು. ಹೀಗೆ ಐದಾರು ಸಲವಾದರೂ ತೆಳ್ಳನೆಯ ನೆರಳೊಂದು ಉಳಿದಿತ್ತು. ಇನ್ನು ಒದ್ದೆ ಮಾಡದೆ ವಿಧಿಯಿರಲಿಲ್ಲ. ಒದ್ದೆಯಾದರೆ ಅಂಚಿನ ಕೆಂಪು ಅರಿಶಿನಕ್ಕೆ ಹರಿದುಬಿಡಬಹುದು. ಆಮೇಲೆ ಮೂರು ಚುಕ್ಕೆಯಲ್ಲ, ಇಡೀ ಸೀರೆ ಹೋದಂತೆ. ಅತ್ತೆ ಆ ತಾಯಿಯ ಮುಖ ನೋಡಿದರು. ಅವಳು ಕೆಂಪು ಅಂಚನ್ನು ಒಮ್ಮೆ ಸವರಿ ಹೂಂ ಎಂದಳು.

ಅಂಟುವಾಳದ ಕಾಯಿ ನೆನೆಸಿ ಕಿವುಚಿ, ನೀರು ಬಿಟ್ಟು ನೊರೆಯನ್ನಷ್ಟೇ ಬೆರಳಲ್ಲಿ ತೆಗೆದು, ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ ಒತ್ತಿದರು. ನಾನು ಸಹಾಯಕ್ಕೆ ಕೈ ಚಾಚಿದೆ. "ನೀನು ದೂರ ಕೂರು" ಎಂದರು. ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೇ ಮೊದಲು. ನೆರಳಿನಲ್ಲಿ ಸೀರೆ ಒಣಗಿತು. ಕೆಂಪು ಹರಿಯಲಿಲ್ಲ. ಚುಕ್ಕೆಗಳೂ ಇರಲಿಲ್ಲ.

ನೋಡಲು ನೆರೆದಿದ್ದ ಹೆಂಗಸರು ನಿಟ್ಟುಸಿರು ಬಿಟ್ಟರು. ಆಮೇಲೆ ಅವರಲ್ಲೊಬ್ಬಳು, "ಅವ್ವಾರೇ, ನೀವು ತಲೆಗೆ ಏನ್ ಹಾಕಿ ತೊಳ್ಕಂತೀರಿ?" ಎಂದಳು. ಅತ್ತೆ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದರು. ಬೇರೆಯವರ ಮನೆಯ ಸೋಪನ್ನು ತಲೆಗೆ ಮುಟ್ಟಿಸದ ಹೆಂಗಸು, ಹೋದಲ್ಲೆಲ್ಲ ತನ್ನ ಪುಡಿ ಒಯ್ಯುತ್ತಿದ್ದರು. ಸೀಗೆ, ಅಂಟುವಾಳ, ಮೆಂತ್ಯ, ಒಣಗಿಸಿದ ಮತ್ತಿ ಸೊಪ್ಪು. ಗಂಟು ಅಲ್ಲೇ ಹಂಚಿಹೋಯಿತು. ಇಪ್ಪತ್ತು ಜನ ಇನ್ನಷ್ಟು ಬೇಕೆಂದರು. ಎಣ್ಣೆ ಬೇಕೆಂದು ಒಬ್ಬರೂ ಹೇಳಲಿಲ್ಲ.

ನನ್ನ ವ್ಯಾಪಾರ ಬೆಳೆದದ್ದು ಹೀಗೆ. ಹಿಟ್ಟಿನ ಗಿರಣಿಯಲ್ಲಿ ಸೀಗೆ ಬೀಸಿಸಿದ ದಿನ ರಾಗಿ ತಂದವರೆಲ್ಲ ಸೀನಿ ಸೀನಿ ಸುಸ್ತಾದರು, ಗಿರಣಿಯವನು ಕೈಮುಗಿದು ನಮ್ಮನ್ನು ಹೊರಗೆ ಕಳಿಸಿದ. ಆಮೇಲೆ ನನ್ನ ಗಂಡ ಮಿಲ್ಲಿನ ಹಳೆಯ ಬಿಡಿಭಾಗ ಕೂಡಿಸಿ ಹಿತ್ತಿಲಲ್ಲೇ ಒಂದು ಯಂತ್ರ ನಿಲ್ಲಿಸಿದರು. ಚಳ್ಳಕೆರೆಯ ಮಿಲ್ಲುಗಳಲ್ಲಿ ದಿನವಿಡೀ ಎಣ್ಣೆಯಲ್ಲಿ ಮುಳುಗಿ ಮನೆಗೆ ಬರುವವರ ಹೆಂಡಂದಿರು ಪುಡಿಗೆ ಸಾಲು ನಿಂತರು. ಪೇಟೆಯ ಸಾಹೇಬರು ಕೂಡ ಈ ಸಲ ಕನ್ನಡಕ ಹಾಕಿಕೊಂಡು ಚೀಟಿ ಓದಿ, ಆಮೇಲೆ ಅಂಗಡಿಯಲ್ಲಿಟ್ಟರು. ಪರಶುರಾಂಪುರ, ನನ್ನಿವಾಳ, ಗಡಿಯಾಚೆಯ ಊರುಗಳಿಗೂ ಬಸ್ಸಿನ ಮೇಲೆ ಚೀಲ ಹೋಗತೊಡಗಿತು. ಎಣ್ಣೆ ಊರಿನಲ್ಲಿ ಎಣ್ಣೆ ತೆಗೆಯುವ ಪುಡಿ ಮಾರಿ ನಾವು ಮನೆಯ ಮೇಲೆ ತಾರಸಿ ಹಾಕಿದೆವು.

ಇದೆಲ್ಲಕ್ಕೂ ಮೊದಲು, ಆ ಮದುವೆಗೆ ನನ್ನನ್ನೂ ಅತ್ತೆಯನ್ನೂ ಕರೆದಿದ್ದರು. ಮುಖ ತೋರಿಸಲು ನಾಚಿಕೆ, ಹೋಗದಿರಲು ಇನ್ನೂ ನಾಚಿಕೆ. ಧಾರೆ ಮುಗಿದ ಮೇಲೆ ಆ ತಾಯಿ ನನ್ನ ಕೈ ಹಿಡಿದು ಮಗಳ ಹತ್ತಿರ ಕರೆದೊಯ್ದಳು. ನಾನು ಮೊಣಕಾಲೂರಿ ಕೂತು ನೆರಿಗೆ ಒಂದೊಂದನ್ನೇ ಬಿಡಿಸಿ ನೋಡಿದೆ. ಮದುಮಗಳು ನಗುತ್ತ ನಿಂತಿದ್ದಳು. ಎಷ್ಟು ಹುಡುಕಿದರೂ ಏನೂ ಇರಲಿಲ್ಲ.

"ಏನೂ ಕಾಣಲ್ಲ ಕಣಮ್ಮ, ನೋಡಿ, ಒಂದು ಚೂರೂ ಕಾಣಲ್ಲ" ಎಂದೆ.

"ನಿಮಗೆ ಕಾಣಲ್ಲ ಬಿಡಿ" ಎಂದು ಆಕೆ ನೆರಿಗೆಯನ್ನು ಮೆಲ್ಲಗೆ ಸರಿಮಾಡಿದಳು. "ನಾನು ನೇಯ್ದೋಳು. ನಂಗೆ ಕಾಣ್ತೈತೆ."

ಆಮೇಲೆ ನನ್ನನ್ನು ಊಟಕ್ಕೆ ಕರೆದುಕೊಂಡು ಹೋಗಿ, ತಾನೇ ಎಲೆ ಹಾಕಿ, ಎರಡು ಸಲ ಪಾಯಸ ಬಡಿಸಿದಳು.