ಖಾಲಿ ಜಾಗ ಬಿಡದ ಡೆನ್ಜಿಲ್
ಹೋಬಾರ್ಟಿನ ನಮ್ಮ ಪಕ್ಕದ ಮನೆಯ ಡೆನ್ಜಿಲ್‌ಗೆ ಕಂಪ್ಯೂಟರ್ ಮೌಸ್ ಕಂಡರಾಗದು. ಅದನ್ನು ಮುಟ್ಟಿದವರನ್ನು ಮೈಲಿಗೆಯಾದವರಂತೆ ನೋಡುತ್ತಾನೆ. ಅವನ ಹಳೇ ಕಂಪ್ಯೂಟರಿನಲ್ಲಿ ವಿಂಡೋಗಳು ಒಂದರ ಮೇಲೊಂದು ಬೀಳುವುದಿಲ್ಲ, ಗೋಡೆಗೆ ಟೈಲ್ಸ್ ಕೂರಿಸಿದಂತೆ ತಾವೇ ಜಾಗ ಹಂಚಿಕೊಳ್ಳುತ್ತವೆ; ತೆರೆಯುವುದು, ಮುಚ್ಚುವುದು ಎಲ್ಲ ಕೀಬೋರ್ಡಿನಲ್ಲೇ. ಅವುಗಳ ಅಂಚಿಗೆ ಬಣ್ಣ ಆರಿಸುವುದರಲ್ಲೇ ಒಂದು ಚಳಿಗಾಲ ಕಳೆದ. ಅದರಲ್ಲಿ ಏನಾದರೂ ಕೆಲಸ ಮಾಡಿದ್ದನ್ನು ಕಂಡವರಿಲ್ಲ. ಹೆಂಡತಿ ಮೊಯ್ರಾಳ ಲ್ಯಾಪ್‌ಟಾಪಿಗೂ ಕೇಳದೆ ಇದೇ ವ್ಯವಸ್ಥೆ ಹಾಕಿಬಿಟ್ಟ. "ಇದನ್ನ ಮುಚ್ಚೋದು ಹೆಂಗೆ ಮಾರಾಯ?" ಎಂದು ಅವಳು ಕೂಗಿದರೆ, "ಕಲಿತ್ಕೊ, ಕೈಗೆ ಬರುತ್ತೆ" ಎನ್ನುತ್ತಿದ್ದ. ಕೊನೆಗೆ ಅವಳು ಮನೆ ಬಿಟ್ಟು ಹೊರಟೇ ಹೋದಳು. ಈಗಲೂ ಟೋಸ್ಟ್ ಕಚ್ಚುತ್ತ ನನಗೆ ತೋರಿಸುತ್ತಾನೆ: "ನೋಡೋ, ಒಂದು ಮುಚ್ಚಿದ್ರೆ ಪಕ್ಕದ್ದು ಹರಡ್ಕೊಂಡು ತುಂಬ್ಕೊಳ್ಳುತ್ತೆ. ಖಾಲಿ ಅನ್ನೋದೇ ಇಲ್ಲ!" ಮೊನ್ನೆ ಅವನಿಗೆ ಜ್ವರವೆಂದು ನೋಡಲು ಹೋದೆ. ಜೋಡಿಮಂಚದ ಗೋಡೆಯಂಚಿಗೆ ಅಂಟಿಕೊಂಡು ಮಲಗಿದ್ದ. ಮೊಯ್ರಾಳ ಅರ್ಧದ ಹಾಸಿಗೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.