ಒಂಬತ್ತು ಐವತ್ತೆಂಟರ ನಂತರ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಪಂಪ್‌ಹೌಸಿನ ಒಳಗೆ, ಸ್ಟಾರ್ಟರ್ ಪೆಟ್ಟಿಗೆಯ ಎಡಕ್ಕೆ, ಬಾಗಿಲಿನಿಂದ ಆರು ಹೆಜ್ಜೆ ಹಿಂದೆ ನಿಂತಿದ್ದೆ. ಅಕ್ಕೋರು ನನ್ನ ಮುಂದೆ ಕಂಪ್ಯೂಟರಿನ ಎದುರು ಕೂತಿದ್ದರು. ಅವರ ಕನ್ನಡಕದ ಬಲಗಡೆಯ ಕಡ್ಡಿ ಮುರಿದಿತ್ತು. ಬೆಸುಗೆ ತಂತಿ ಸುತ್ತಿ ಅದನ್ನು ನಿಲ್ಲಿಸಿಕೊಂಡಿದ್ದರು. ತಂತಿ ಒತ್ತಿ ಕಿವಿಯ ಮೇಲೆ ಕೆಂಪು ಗೆರೆ ಮೂಡಿತ್ತು. ಬಾಗಿಲ ಕಡೆ ನೋಡಲಾಗದೆ ನಾನು ಆ ಗೆರೆಯನ್ನೇ ನೋಡುತ್ತಿದ್ದೆ.

ಅಥಣಿಯ ಡಿಪ್ಲೊಮಾ ಕಾಲೇಜಿನಲ್ಲಿ ಅವರು ನನಗೆ ಸಿ ಭಾಷೆ ಕಲಿಸಿದವರು. ಜೈನರ ಮನೆಯವರು, ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಚಳಿಗಾಲದಲ್ಲಿ ಲ್ಯಾಬು ಐದಕ್ಕೇ ಮುಗಿಯುತ್ತಿತ್ತು. ‘ಅಕ್ಕೋರ ಹಸಿವಿಯಿಂದ ನಾವ ಪಾರಾದ್ವಿ’ ಎಂದು ನಾವು ನಗುತ್ತಿದ್ದೆವು. ಅದು ಕಿವಿಗೆ ಬಿದ್ದರೆ ಅವರೂ ನಗುತ್ತಿದ್ದರು. ತಪ್ಪು ಮಾಡಿದವರಿಗೆ ಮಾತ್ರ ಒಂದೇ ಮಾತು: ‘ಕಂಪ್ಯೂಟರ್ ನಿಮ್ಮ ಸ್ವಾದರಮಾವ ಅಲ್ರೋ, ಮುಚ್ಚಿ ಹಾಕಾಕ.’

ಓದು ಮುಗಿಸಿ ನಾನು ಕೃಷ್ಣೆಯ ದಂಡೆಯ ಈ ಪಂಪ್‌ಹೌಸಿಗೆ ಆಪರೇಟರ್ ಆಗಿ ಬಂದೆ. ಒಂದೇ ಪೈಪು, ಎರಡು ಊರು: ಮೇಲಿನ ಊರಿಗೆ ಒಂದು ಪಾಳಿ, ಕೆಳಗಿನ ಊರಿಗೆ ಒಂದು ಪಾಳಿ. ಪಾಳಿಗಾಗಿ ಎರಡು ಸಲ ತಲೆ ಒಡೆದಿದ್ದವು. ವಾಲ್ವು ಯಾವಾಗ ಯಾವ ಕಡೆ ತಿರುಗಿತು ಎಂದು ಯಂತ್ರವೇ ಬರೆದಿಟ್ಟರೆ ಜಗಳ ನಿಲ್ಲಬಹುದು ಎಂದು ನಾನೇ ಅಕ್ಕೋರ ಬಳಿ ಹೋದೆ. ಅವರು ಪುಕ್ಕಟೆಯಾಗಿ ಪ್ರೋಗ್ರಾಮ್ ಬರೆದುಕೊಟ್ಟರು. ಒಂದು ತುಂಡನ್ನು ನನಗೆ ಬಿಟ್ಟರು. ತ್ರೀಫೇಜ್ ಕರೆಂಟು ಬಂದಾಗಲೆಲ್ಲ ಹಳೆಯ ಫೈಲು ಮುಗಿಸಿ ಹೊಸ ಫೈಲು ತೆರೆಯುವ ತುಂಡು ಅದು.

ನಾನು ಬರೆದದ್ದನ್ನು ನೋಡಿ ಅವರು ಎರಡು ತಪ್ಪು ತೋರಿಸಿದರು.

‘ಇಲ್ಲಿ ಡಬ್ಲ್ಯೂ ಹಾಕಿಯಲ್ಲ, ಇದು ಕೊಡ್ಲಿ. ಅದ ಹೆಸರಿನ ಫೈಲ್ ಮೊದಲ ಇದ್ರ ಒಳಗಿನದೆಲ್ಲಾ ಕಡದ ಒಗೀತೈತಿ. ಎ ಹಾಕು, ಇದ್ದದ್ರ ಕೆಳಗ ಬರೀತೈತಿ.’

ಎರಡನೆಯದನ್ನು ಹೇಳುವಾಗ ಎರಡೂ ಕೈ ಎತ್ತಿ, ಬಾವಿಯ ಹಗ್ಗ ಹತ್ತುವಂತೆ ಗಾಳಿಯನ್ನು ಹಿಡಿದರು. ‘ನೀ ಫ್ರೀಓಪನ್ ಕರದೀ. ಅದು ಹಳೇ ಫೈಲ್ ಮೊದಲ ಬಿಡತೈತಿ, ಆಮ್ಯಾಲ ಹೊಸಾದಕ್ಕ ಕೈ ಚಾಚತೈತಿ. ಹೊಸಾದ ಸಿಗಲಿಲ್ಲಂದ್ರ? ಎರಡೂ ಕೈ ಖಾಲಿ. ಬಾಯಿ ಬಿಟ್ಟ ಹೇಳೂದೂ ಇಲ್ಲ, ನಲ್, ಅಂದ್ರ ಏನೂ ಇಲ್ಲ ಅಂತ ಕೊಡತೈತಿ, ಅಷ್ಟ. ನೀ ಅದನ್ನ ನೋಡಂಗಿಲ್ಲ. ಹೊಸಾದನ್ನ ಬ್ಯಾರೆ ತೆಗಿ, ಸಿಕ್ಕೈತಿಲ್ಲೋ ನೋಡು, ಸಿಕ್ಕ ಮ್ಯಾಲ ಹಳೇದ ಮುಚ್ಚು.’

ನಾನು ಡಬ್ಲ್ಯೂ ತೆಗೆದು ಎ ಹಾಕಿದೆ. ಎರಡನೆಯದು ಹತ್ತು ಸಾಲಿನ ಕೆಲಸ. ನಾಳೆ ಮಾಡಿದರಾಯಿತು ಅಂದುಕೊಂಡೆ.

‘ನೋಡ್ಲೇನು?’ ಎಂದು ಅಕ್ಕೋರು ಫೋನಿನಲ್ಲಿ ಕೇಳಿದರು.

‘ಬ್ಯಾಡ್ರಿ, ಎಲ್ಲಾ ಆತ್ರಿ’ ಅಂದೆ. ಅವರು ನಂಬಿದರು.

ನಾನು ತಿಂಗಳಿಗೊಂದು ಫೋಲ್ಡರ್ ಇಟ್ಟಿದ್ದೆ, ಅದನ್ನು ಕೈಯಾರೆ ಮಾಡುತ್ತಿದ್ದೆ. ಅವತ್ತು ಒಂದನೇ ತಾರೀಖು. ಹೊಸ ಫೋಲ್ಡರ್ ಮಾಡಲು ಮರೆತಿದ್ದೆ. ಬೆಳಿಗ್ಗೆ ಒಂಬತ್ತು ಐವತ್ತೆಂಟಕ್ಕೆ ಕರೆಂಟು ಬಂತು. ಪ್ರೋಗ್ರಾಮ್ ಹಳೆಯ ಫೈಲು ಮುಚ್ಚಿತು, ಇಲ್ಲದ ಫೋಲ್ಡರಿನಲ್ಲಿ ಹೊಸ ಫೈಲು ತೆರೆಯಲು ಹೋಗಿ ಸೋತಿತು. ಪರದೆಯ ಮೇಲೆ ಎಲ್ಲವೂ ಎಂದಿನಂತೆ ಓಡುತ್ತಿತ್ತು. ಒಂದಕ್ಷರವೂ ದಾಖಲಾಗುತ್ತಿರಲಿಲ್ಲ.

ಹತ್ತರಿಂದ ಒಂದರವರೆಗೆ ಮೇಲಿನ ಊರಿನ ಪಾಳಿ. ಅವರ ಹೊಲಕ್ಕೆ ನೀರು ಬರಲಿಲ್ಲ. ವಾಲ್ವು ತಿರುಗಿಸುವ ವಾಲ್ವಮನ್ ಕೆಳಗಿನ ಊರಿನವನು. ಇಷ್ಟು ಸಾಕಾಯಿತು. ಹನ್ನೆರಡು ಹದಿಮೂರು ಜನ ಅವನನ್ನು ರಸ್ತೆಯಿಂದ ಎಳೆದುಕೊಂಡೇ ತಂದರು. ಅವನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಬಾಯಿಂದ ರಕ್ತ ಸುರಿಯುತ್ತಿತ್ತು. ತಿಂಗಳಿಗೊಮ್ಮೆ ಯಂತ್ರ ನೋಡಲು ಬರುವ ಅಕ್ಕೋರು ಆಗಷ್ಟೇ ಬಸ್ಸಿಳಿದು ಬಂದು ಕೂತಿದ್ದರು.

‘ಓದ್ರಿ ಅಕ್ಕೋರ’ ಎಂದರು ಮೇಲಿನ ಊರಿನ ಹಿರಿಯರು. ‘ವಾಲ್ವ ಯಾರ ಕಡೆ ಇತ್ತು?’

ಅಕ್ಕೋರು ಫೈಲು ತೆರೆದರು. ಫೋಲ್ಡರ್ ನೋಡಿದರು. ನನ್ನ ಸಾಲುಗಳನ್ನು ತೆರೆದು ಓದಿದರು. ತಿರುಗಿ ನನ್ನನ್ನು ಒಮ್ಮೆ ನೋಡಿದರು.

ವಾಲ್ವಮನ್ ಅವರ ಕುರ್ಚಿಯ ಬಳಿ ಕುಸಿದಿದ್ದ. ‘ನಮ್ಮೂರ ಕಡೆ ಬಂದ್ ಇತ್ತಂತ ಒಂದ ಸಾಲ ಹೊಡದಬಿಡ್ರಿ ಅಕ್ಕೋರ’ ಎಂದು ಮೆಲ್ಲಗೆ ಅಂದ. ‘ನನ್ನ ಜೀವಾ ಉಳಸ್ರಿ.’

‘ಹೊಡದ್ರ ನಾಳೆ ಇದರಾಗಿನ ಒಂದ ಸಾಲನೂ ಯಾರೂ ನಂಬೂದಿಲ್ಲೋ ತಮ್ಮಾ’ ಎಂದು ಹೇಳಿ ಅಕ್ಕೋರು ಎದ್ದರು. ಅವನಿಗೂ ಗುಂಪಿಗೂ ನಡುವೆ ಹೋಗಿ ನಿಂತರು. ‘ಒಂಬತ್ತು ಐವತ್ತೆಂಟರ ಮ್ಯಾಲ ಏನೂ ಇಲ್ರಿ. ಬರಿಯೂದು ನಿಂತೈತಿ. ತಪ್ಪು ಪ್ರೋಗ್ರಾಮಿಂದು. ಈ ಮನಶ್ಯಾ ಕಳವು ಮಾಡ್ಯಾನಂತ ಇದು ಹೇಳೂದಿಲ್ಲ.’

‘ನಿಂತೈತೋ, ನಿಲ್ಲಿಸೀರೋ?’ ಎಂದ ಹಿರಿಯರ ಅಣ್ಣನ ಮಗ. ಅವನ ಕೈಯಲ್ಲಿ ಪೈಪ್ ಬಿಗಿಯುವ ಕಬ್ಬಿಣದ ಪಾನಾ ಇತ್ತು, ಮೊಳದುದ್ದದ್ದು. ‘ಯಾರ ಬರದಾರ ಇದನ್ನ?’

‘ಅದನ್ನ ಬರದಾವ್ರ ಹೇಳಬೇಕು. ನಾ ಹೇಳೂದಿಲ್ಲ.’

ಮೋಟಾರಿನ ಸದ್ದು ಇರಲಿಲ್ಲ. ನಾನು ಮಾತಾಡಲಿಲ್ಲ.

ಮೊದಲ ಏಟು ವಾಲ್ವಮನ್‌ಗೆಂದು ಎತ್ತಿದ್ದು, ಅಕ್ಕೋರ ಬಲ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವರು ಸರಿಯಲಿಲ್ಲ. ಎರಡನೆಯದು ಕಿವಿಯ ಮೇಲೆ, ತಲೆಗೆ. ಕನ್ನಡಕ ಸ್ಟಾರ್ಟರ್ ಪೆಟ್ಟಿಗೆಗೆ ಬಡಿದು ನನ್ನ ಕಾಲ ಬಳಿ ಬಿತ್ತು. ಮೂರನೆಯದು ವಾಲ್ವಮನ್‌ನ ಎಡಗಿವಿಗೆ. ಆಮೇಲೆ ಹಿರಿಯರೇ ‘ಹೆಣ್ಣಮಗಳಲೇ, ಮಾಸ್ತರಬಾಯಿ ಲೇ’ ಎನ್ನುತ್ತ ಪಾನಾ ಕಿತ್ತುಕೊಂಡರು.

ವಾಲ್ವಿನಿಂದ ಮೇಲಿನ ಊರಿಗೆ ಹೋಗುವ ಪೈಪು ರಸ್ತೆಯ ಕೆಳಗೆ ಜೋಡಣೆ ಬಿಟ್ಟುಹೋಗಿತ್ತು. ಮೂರು ತಾಸಿನ ನೀರೆಲ್ಲ ಹಳ್ಳ ಸೇರಿತ್ತು. ಸಂಜೆ ದನ ಹೊಡೆದುಕೊಂಡು ಬಂದವರು ನೋಡಿ ಹೇಳಿದರು.

ಅಕ್ಕೋರನ್ನು ಮಿರಜಿನ ಆಸ್ಪತ್ರೆಗೆ ಒಯ್ದರು. ಏಳನೆಯ ದಿನ ಅವರಿಗೆ ಎಚ್ಚರ ಚೆನ್ನಾಗಿತ್ತು. ನನ್ನನ್ನು ಗುರುತಿಸಿದರು.

‘ಅಂವಾ ಉಳದಾನೇನು?’

‘ಉಳದಾನ್ರಿ.’

ಆಮೇಲೆ, ‘ಆ ಸಾಲ ತಿದ್ದಿದಿ?’

‘ತಿದ್ದೀನ್ರಿ’ ಅಂದೆ. ಅವರಿಗೆ ಹೇಳಿದ ಎರಡನೆಯ ಸುಳ್ಳು ಅದು. ಅಂದು ಸಂಜೆ ಬಂದು ತಿದ್ದಿದೆ. ಎರಡು ದಿನ ಕಳೆದು ಅವರು ತೀರಿಕೊಂಡರು.

ಪೊಲೀಸರಿಗೂ ಕೋರ್ಟಿಗೂ ನಾನು ಏಟುಗಳನ್ನು ಕ್ರಮವಾಗಿ ಹೇಳಿದ್ದೇನೆ. ಪ್ರೋಗ್ರಾಮಿನ ಆ ತುಂಡು ಬರೆದವರು ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ಬರೆದವನು ನಾನು.

ಗುಂಪಿನ ಉಳಿದವರನ್ನು ಬಿಟ್ಟರೆ, ಇದನ್ನು ಕಂಡು ಇನ್ನೂ ಬದುಕಿರುವವರು: ವಾಲ್ವಮನ್, ಅವನಿಗೆ ಎಡಗಿವಿ ಕೇಳುವುದಿಲ್ಲ. ಮೇಲಿನ ಊರಿನ ಹಿರಿಯರು, ಈಗ ಹಾಸಿಗೆ ಹಿಡಿದಿದ್ದಾರೆ. ಹೊಡೆದವನು, ಹಿಂಡಲಗಾ ಜೈಲಿನಲ್ಲಿದ್ದಾನೆ. ಬಾಗಿಲ ಪಕ್ಕ ಚಹಾ ಮಾರುವ ಹೆಂಗಸು, ಅಕ್ಕೋರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು. ಮತ್ತು ಸ್ಟಾರ್ಟರ್ ಪೆಟ್ಟಿಗೆಯ ಎಡಕ್ಕಿದ್ದ ನಾನು.